ಆಂಡ್ರಾಯ್ಡ್ ಫೋನಿನ ಎರಡು ಕೀಲಿಕೈಗಳು
ರೂಟಿಂಗ್ ಮತ್ತು ತಂತ್ರಾಂಶ ತಯಾರಿಕೆ: ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಸಂಗತಿಗಳು

ಯಾದಗಿರಿ, ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅದೇ ವರ್ಷದ ಮಧ್ಯಭಾಗದಲ್ಲಿ ಆಂಡ್ರಾಯ್ಡ್ ವ್ಯವಸ್ಥೆಯುಳ್ಳ ಮೊದಲ ಮೊಬೈಲ್ ಫೋನು, ಹೆಚ್‌ಟಿಸಿ ಮ್ಯಾಜಿಕ್, ಭಾರತದ ಮಾರುಕಟ್ಟೆಗೆ ಬಂದಿತು. ಅಂದು ಅದು ಮಹಾನಗರಗಳ ಕೆಲವೇ ಜನರ ಕೈಯಲ್ಲಿದ್ದ ದುಬಾರಿ ವಸ್ತುವಾಗಿತ್ತು. ಇಂದು ಯಾದಗಿರಿಯ ಅಡತಿ ಅಂಗಡಿ, ಶಹಾಪುರದ ಜಿನ್ನಿಂಗ್ ಮಿಲ್ಲು, ಸುರಪುರ ಭಾಗದ ಅಕ್ಕಿ ಗಿರಣಿ, ಇವುಗಳಲ್ಲಿ ಯಾವುದಕ್ಕೇ ಹೋದರೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಆಂಡ್ರಾಯ್ಡ್ ಫೋನು ಇರುವುದು ಸರ್ವೇಸಾಮಾನ್ಯ. ಗಿರಾಕಿಯಿಂದ ಹಣ ಬರುವುದು ಅದರಲ್ಲಿಯೇ, ಲಾರಿಯ ಬಾಡಿಗೆ ಮಾತು ನಡೆಯುವುದು ಅದರಲ್ಲಿಯೇ, ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೆಯೇ.

ಹೀಗಿರುವಾಗ ಎರಡು ಪ್ರಶ್ನೆಗಳು ವರ್ತಕರ ಮುಂದೆ ಆಗಾಗ್ಗೆ ಬರುತ್ತಿವೆ. ಮನೆಯ ಮಗನೋ, ಅಂಗಡಿಯ ಚುರುಕಿನ ಗುಮಾಸ್ತನೋ "ಫೋನನ್ನು ರೂಟ್ ಮಾಡಿದರೆ ಇನ್ನೂ ಚೆನ್ನಾಗಿ ಓಡುತ್ತದೆ" ಎಂದು ಹೇಳುವುದು ಮೊದಲನೆಯದು. ನಮ್ಮ ವ್ಯಾಪಾರಕ್ಕೆ ನಮ್ಮದೇ ಆದ ಒಂದು ಆ್ಯಪ್ ಮಾಡಿಸೋಣವೇ ಎಂಬುದು ಎರಡನೆಯದು. ಇವೆರಡೂ ಒಂದೇ ವಿದ್ಯೆ ಎಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಇವು ಬೇರೆ ಬೇರೆ ಕೆಲಸಗಳು, ಬೇರೆ ಬೇರೆ ಅಪಾಯಗಳು. ಇವೆರಡನ್ನು ಕೂಡಿಸುವ ವಿಷಯ ಒಂದೇ: ಕೀಲಿಕೈ ಯಾರ ಕೈಯಲ್ಲಿದೆ ಎಂಬುದು. ತಿಜೋರಿಯ ಕೀಲಿಕೈ ಯಾರ ಬಳಿ ಇದೆಯೆಂದು ಪ್ರತಿಯೊಬ್ಬ ವರ್ತಕರಿಗೂ ಗೊತ್ತಿರುತ್ತದೆ. ಫೋನಿನ ವಿಷಯದಲ್ಲಿಯೂ ಅಷ್ಟೇ ಖಚಿತವಾದ ಉತ್ತರ ಇರಬೇಕಾದುದು ಅಗತ್ಯ.

ರೂಟಿಂಗ್ ಎಂದರೇನು?

ಆಂಡ್ರಾಯ್ಡ್ ಎಂಬುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ತಳಹದಿಯ ಮೇಲೆ ಗೂಗಲ್ ಸಂಸ್ಥೆಯು ಬೆಳೆಸಿದ ಕಾರ್ಯಾಚರಣಾ ವ್ಯವಸ್ಥೆ. ಇದರಲ್ಲಿ ಪ್ರತಿಯೊಂದು ಆ್ಯಪ್‌ಗೂ ಬೇರೆ ಬೇರೆ ಕೋಣೆ ಇರುತ್ತದೆ. ಒಂದು ಕೋಣೆಯವರು ಮತ್ತೊಂದು ಕೋಣೆಯೊಳಗೆ ಇಣುಕುವಂತಿಲ್ಲ. ಆದುದರಿಂದಲೇ ಮಕ್ಕಳು ಆಡುವ ಆಟದ ಆ್ಯಪ್ ಒಂದು, ಅದೇ ಫೋನಿನಲ್ಲಿರುವ ಬ್ಯಾಂಕಿನ ಆ್ಯಪ್‌ನ ಮಾಹಿತಿಯನ್ನು ಓದಲಾರದು. ಫೋನಿನ ಮಾಲೀಕರಿಗೂ ವ್ಯವಸ್ಥೆಯ ಒಳಗಿನ ಕಡತಗಳನ್ನು ಬದಲಿಸುವ ಅಧಿಕಾರವನ್ನು ತಯಾರಕರು ಕೊಟ್ಟಿರುವುದಿಲ್ಲ. ಲಿನಕ್ಸ್‌ನಲ್ಲಿ ಈ ಸರ್ವಾಧಿಕಾರವುಳ್ಳ ಬಳಕೆದಾರನಿಗೆ 'ರೂಟ್' ಎಂದು ಹೆಸರು. ಆ ಅಧಿಕಾರವನ್ನು ಪಡೆದುಕೊಳ್ಳುವ ಕ್ರಿಯೆಯೇ ರೂಟಿಂಗ್. ಎಲ್ಲ ಕೋಣೆಗಳಿಗೂ ಹೊಂದುವ ಒಂದು ಕೀಲಿಕೈ ಮಾಡಿಸಿಕೊಂಡಂತೆ ಎಂದು ಇದನ್ನು ತಿಳಿಯಬಹುದು.

ಇದರ ಕ್ರಮ ಸ್ಥೂಲವಾಗಿ ಹೀಗಿದೆ. ಫೋನು ಆರಂಭವಾಗುವಾಗ ಮೊದಲು ಓಡುವ 'ಬೂಟ್‌ಲೋಡರ್' ಎಂಬ ಚಿಕ್ಕ ತಂತ್ರಾಂಶವು, ತಯಾರಕರ ಸಹಿ ಇರುವ ವ್ಯವಸ್ಥೆಯನ್ನು ಮಾತ್ರ ಒಳಗೆ ಬಿಡುತ್ತದೆ. ರೂಟ್ ಮಾಡಬೇಕಾದರೆ ಮೊದಲು ಈ ಬೀಗವನ್ನು ತೆಗೆಯಬೇಕು. ತೆಗೆದೊಡನೆ ಫೋನಿನಲ್ಲಿರುವ ಎಲ್ಲ ಮಾಹಿತಿಯೂ ಅಳಿಸಿಹೋಗುತ್ತದೆ. ಕದ್ದ ಫೋನಿನ ಬೀಗ ಒಡೆದವನಿಗೆ ಮಾಲೀಕರ ಮಾಹಿತಿ ಸಿಗಬಾರದೆಂದೇ ಈ ಏರ್ಪಾಡು ಮಾಡಲಾಗಿದೆ. ಅನಂತರ ಫೋನಿನ ಬೂಟ್ ಕಡತವನ್ನು ಕಂಪ್ಯೂಟರಿನ ಸಹಾಯದಿಂದ ತಿದ್ದಿ ಮತ್ತೆ ತುಂಬಬೇಕು. ಇದಕ್ಕೆ 2016ರಲ್ಲಿ ಬಂದ 'ಮ್ಯಾಜಿಸ್ಕ್' ಎಂಬ ತಂತ್ರಾಂಶವು ಹೆಚ್ಚಾಗಿ ಬಳಕೆಯಲ್ಲಿದೆ. ಎಲ್ಲ ಕಂಪನಿಗಳೂ ಬೂಟ್‌ಲೋಡರ್ ಬೀಗ ತೆಗೆಯಲು ಅವಕಾಶ ಕೊಡುವುದಿಲ್ಲ. ಕೊಡುವ ಕಂಪನಿಗಳ ನಿಯಮಗಳೂ ಮಾದರಿಯಿಂದ ಮಾದರಿಗೆ ಬೇರೆ.

ಒಂದು ಕಾಲದಲ್ಲಿ ಕನ್ನಡಕ್ಕಾಗಿ ರೂಟಿಂಗ್

ರೂಟಿಂಗ್ ಎಂಬುದು ಕೇವಲ ಹುಡುಗರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ನ್ಯಾಯವಾದ ಕಾರಣವೊಂದು ಕನ್ನಡಿಗರಿಗೆ ಇತ್ತು. ಆಂಡ್ರಾಯ್ಡ್‌ನ ಆರಂಭದ ಆವೃತ್ತಿಗಳಲ್ಲಿ ಕನ್ನಡ ಲಿಪಿಗೆ ಬೆಂಬಲವಿರಲಿಲ್ಲ. ಕನ್ನಡದಲ್ಲಿ ಬಂದ ಸಂದೇಶವು ಸಾಲುಸಾಲು ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಒಪೆರಾ ಮಿನಿ ಬ್ರೌಸರಿನಲ್ಲಿ ಒಂದು ಗುಪ್ತ ಆಯ್ಕೆಯನ್ನು ಬದಲಿಸಿ, ಅಕ್ಷರಗಳನ್ನು ಚಿತ್ರರೂಪದಲ್ಲಿ ತರಿಸಿಕೊಂಡು ಕನ್ನಡ ಓದುತ್ತಿದ್ದವರು ಅನೇಕರಿದ್ದರು. ಇನ್ನು ಕೆಲವರು ಫೋನನ್ನು ರೂಟ್ ಮಾಡಿ, ವ್ಯವಸ್ಥೆಯ ಫಾಂಟ್ ಕಡತಗಳ ಸ್ಥಳಕ್ಕೆ ಕನ್ನಡ ಫಾಂಟನ್ನು ಸೇರಿಸುತ್ತಿದ್ದರು. ಆದರೆ ಕನ್ನಡಕ್ಕೆ ಫಾಂಟು ಒಂದೇ ಸಾಲದು. ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾದ ಸ್ಥಳದಲ್ಲಿ ಜೋಡಿಸುವ ತಂತ್ರಾಂಶವೂ ವ್ಯವಸ್ಥೆಯಲ್ಲಿರಬೇಕು. ಅದಿಲ್ಲದ ಫೋನುಗಳಲ್ಲಿ ಅಕ್ಷರ ಕಂಡರೂ ಒತ್ತುಗಳು ಚದುರಿ ನಿಲ್ಲುತ್ತಿದ್ದವು.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಬೆಂಬಲ ದೊರೆಯಿತು. 2014ರ ಆಂಡ್ರಾಯ್ಡ್ 5.0 ಆವೃತ್ತಿಯಲ್ಲಿ ಫೋನಿನ ಆಜ್ಞೆಗಳೂ ಕನ್ನಡದಲ್ಲಿ ಬಂದವು. ಅಲ್ಲಿಗೆ ರೂಟಿಂಗ್ ಮಾಡಲು ಇದ್ದ ಒಂದು ಮುಖ್ಯ ಕಾರಣ ಇಲ್ಲದಂತಾಯಿತು. ಇಂದು ಉಳಿದಿರುವ ಕಾರಣಗಳೆಂದರೆ ಕಂಪನಿಯು ತುಂಬಿರುವ ಬೇಡದ ಆ್ಯಪ್‌ಗಳನ್ನು ತೆಗೆಯುವುದು, ಹಳೆಯ ಫೋನಿಗೆ ಹೊಸ ಆವೃತ್ತಿ ಹಾಕುವುದು ಹಾಗೂ ಕಲಿಕೆ. ಇವುಗಳಲ್ಲಿ ಮೊದಲನೆಯದಕ್ಕೆ ರೂಟಿಂಗ್ ಬಹುಮಟ್ಟಿಗೆ ಅನಗತ್ಯ. ಸೆಟ್ಟಿಂಗ್ಸ್‌ನಲ್ಲಿಯೇ ಅಂತಹ ಎಷ್ಟೋ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸಬಹುದು. ಎರಡನೆಯದಕ್ಕೆ ಬೂಟ್‌ಲೋಡರ್ ಬೀಗ ತೆಗೆದರೆ ಸಾಕು, ರೂಟ್ ಅಧಿಕಾರ ಬೇಕೆಂದಿಲ್ಲ.

ವ್ಯಾಪಾರದ ಫೋನಿಗೆ ರೂಟಿಂಗ್ ಏಕೆ ಸಲ್ಲದು?

ಅಂಗಡಿಯ ಹಣಕಾಸಿನ ವ್ಯವಹಾರ ನಡೆಯುವ ಫೋನನ್ನು ರೂಟ್ ಮಾಡುವುದರಿಂದ ಆಗುವ ಪರಿಣಾಮಗಳು ಈ ಕೆಳಗಿನಂತಿವೆ.

1. ಬ್ಯಾಂಕ್ ಹಾಗೂ ಯುಪಿಐ ಆ್ಯಪ್‌ಗಳು ಸಾಮಾನ್ಯವಾಗಿ ರೂಟ್ ಆದ ಫೋನನ್ನು ಗುರುತಿಸಿ ಕೆಲಸ ಮಾಡಲು ನಿರಾಕರಿಸುತ್ತವೆ. ಇದನ್ನು ಮರೆಮಾಚುವ ಉಪಾಯಗಳನ್ನು ಹೇಳಿಕೊಡುವವರಿದ್ದಾರೆ. ಇಂದು ನಡೆದ ಉಪಾಯ ನಾಳೆಯ ನವೀಕರಣದ ನಂತರ ನಡೆಯದೇ ಹೋಗಬಹುದು. ತೊಗರಿಯ ಹಂಗಾಮಿನಲ್ಲಿ, ರೈತರಿಗೆ ಹಣ ಪಾವತಿಸಬೇಕಾದ ದಿನವೇ ಆ್ಯಪ್ ನಿಂತುಹೋದರೆ ಆಗುವ ತೊಂದರೆಯನ್ನು ವಿವರಿಸಬೇಕಾಗಿಲ್ಲ.

2. ಕೋಣೆಗಳ ನಡುವಿನ ಗೋಡೆ ದುರ್ಬಲವಾಗುತ್ತದೆ. ತಿಳಿಯದೆ ರೂಟ್ ಅನುಮತಿ ಕೊಟ್ಟ ಒಂದು ದುಷ್ಟ ಆ್ಯಪ್ ಸಾಕು, ಉಳಿದೆಲ್ಲ ಆ್ಯಪ್‌ಗಳ ಮಾಹಿತಿ ಅದರ ಕೈಗೆ ಸಿಗುತ್ತದೆ.

3. ಫೋನಿನ ವಾರಂಟಿಗೆ ಧಕ್ಕೆ ಬರುವ ಸಾಧ್ಯತೆ ಇದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ 'ನಾಕ್ಸ್' ಎಂಬ ಭದ್ರತಾ ವ್ಯವಸ್ಥೆಯ ಗುರುತು ಒಮ್ಮೆ ಸುಟ್ಟುಹೋದರೆ ಅದನ್ನು ಮತ್ತೆ ಸರಿಪಡಿಸಲಾಗದು. ಮೂಲ ವ್ಯವಸ್ಥೆಯನ್ನು ಮರಳಿ ತುಂಬಿದರೂ ಆ ಗುರುತು ಹಾಗೆಯೇ ಉಳಿಯುತ್ತದೆ.

4. ವಂಚನೆ ನಡೆದಾಗ ನಷ್ಟ ಯಾರದು ಎಂಬ ಪ್ರಶ್ನೆ ಬರುತ್ತದೆ. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ತತ್ವದಂತೆ, ಗ್ರಾಹಕರ ನಿರ್ಲಕ್ಷ್ಯದಿಂದ ಆದ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೆ, ಗ್ರಾಹಕರೇ ಹೊರಬೇಕು. ತಾವಾಗಿಯೇ ಬೀಗ ಒಡೆದ ಫೋನನ್ನು ಬಳಸಿದವರು ತಮ್ಮ ನಿರ್ಲಕ್ಷ್ಯವಿರಲಿಲ್ಲವೆಂದು ವಾದಿಸುವುದು ಕಷ್ಟವಾದೀತು.

ಆದುದರಿಂದ ನಿಯಮ ಸರಳವಾಗಿದೆ: ಹಣ ಬರುವ ಹೋಗುವ ಫೋನನ್ನು ರೂಟ್ ಮಾಡಬಾರದು. ಕಲಿಯುವ ಆಸಕ್ತಿಯಿರುವ ಯುವಕರಿಗೆ ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನೊಂದನ್ನು, ಸಿಮ್ ಕಾರ್ಡ್ ತೆಗೆದು, ಗೂಗಲ್ ಖಾತೆಯನ್ನು ಅಳಿಸಿ ಕೊಡುವುದು ಉತ್ತಮ. ಅದು ಕೆಟ್ಟುಹೋದರೂ ಹೆಚ್ಚಿನ ನಷ್ಟವಿಲ್ಲ. ಕಲಿಕೆಯಂತೂ ದೊರೆಯುತ್ತದೆ.

ಆ್ಯಪ್ ತಯಾರಿಕೆಗೆ ರೂಟಿಂಗ್ ಬೇಡ

ಆಂಡ್ರಾಯ್ಡ್‌ಗೆ ತಂತ್ರಾಂಶ ಬರೆಯಲು ಫೋನನ್ನು ರೂಟ್ ಮಾಡುವ ಅಗತ್ಯ ಸುತರಾಂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಬಿಲ್ಡ್ ನಂಬರ್' ಎಂಬಲ್ಲಿ 7 ಬಾರಿ ಒತ್ತಿದರೆ ತಯಾರಕರಿಗಾಗಿ ಇರುವ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅದರಲ್ಲಿ 'ಯುಎಸ್‌ಬಿ ಡೀಬಗ್ಗಿಂಗ್' ಎಂಬುದನ್ನು ಆರಂಭಿಸಿ, ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿದರೆ ಬರೆದ ಆ್ಯಪನ್ನು ಫೋನಿನಲ್ಲಿ ಓಡಿಸಿ ನೋಡಬಹುದು. ಕೆಲಸ ಮುಗಿದ ಮೇಲೆ ಈ ಆಯ್ಕೆಯನ್ನು ಮುಚ್ಚಿಡತಕ್ಕದ್ದು.

ತಯಾರಿಕೆಯ ಮುಖ್ಯ ಸಾಧನ 'ಆಂಡ್ರಾಯ್ಡ್ ಸ್ಟುಡಿಯೋ'. ಇದನ್ನು ಗೂಗಲ್ ಉಚಿತವಾಗಿ ಕೊಡುತ್ತದೆ. ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿ ರಾಮ್ ಇರಬೇಕು. ಕಂಪ್ಯೂಟರಿನಲ್ಲಿಯೇ ಕೃತಕ ಫೋನನ್ನು ಓಡಿಸುವುದಾದರೆ 16 ಜಿಬಿ ಇರುವುದು ಒಳ್ಳೆಯದು. ಮೊದಲು ಜಾವಾ ಭಾಷೆಯಲ್ಲಿ ಆ್ಯಪ್‌ಗಳನ್ನು ಬರೆಯಲಾಗುತ್ತಿತ್ತು. 2019ರಿಂದ ಕೋಟ್ಲಿನ್ ಭಾಷೆಗೆ ಗೂಗಲ್ ಆದ್ಯತೆ ನೀಡಿದೆ. ಪ್ರೋಗ್ರಾಮಿಂಗ್ ಬಾರದವರು ಮೊದಲ ಹೆಜ್ಜೆಯಾಗಿ, ಅಮೆರಿಕದ ಎಂಐಟಿ ಸಂಸ್ಥೆಯು ನಡೆಸುವ 'ಆ್ಯಪ್ ಇನ್ವೆಂಟರ್' ಎಂಬ ಉಚಿತ ಸಾಧನವನ್ನು ಬಳಸಬಹುದು. ಇದರಲ್ಲಿ ತುಂಡುಗಳನ್ನು ಜೋಡಿಸಿದಂತೆ ಆಜ್ಞೆಗಳನ್ನು ಜೋಡಿಸಿ ಸಣ್ಣ ಆ್ಯಪ್ ಮಾಡಲು ಸಾಧ್ಯ.

ಸಣ್ಣ ಕೆಲಸದಿಂದ ಆರಂಭ

ಮೊದಲ ಆ್ಯಪ್‌ನಲ್ಲಿಯೇ ದಾಸ್ತಾನು, ಉದ್ರಿ, ಸಂಬಳ, ಜಿಎಸ್‌ಟಿ ಎಲ್ಲವೂ ಬೇಕೆಂದು ಹೊರಟರೆ ಯಾವುದೂ ಪೂರ್ಣವಾಗುವುದಿಲ್ಲ. ಲೆಕ್ಕಪತ್ರ ಹಾಗೂ ಜಿಎಸ್‌ಟಿಗೆ ಸಿದ್ಧ ತಂತ್ರಾಂಶಗಳು ಮಾರುಕಟ್ಟೆಯಲ್ಲಿ ಇವೆ. ಅವುಗಳನ್ನು ಕೊಂಡುಕೊಳ್ಳುವುದೇ ಲಾಭದಾಯಕ. ಸಿದ್ಧ ತಂತ್ರಾಂಶ ಮುಟ್ಟದ ಸ್ಥಳೀಯ ಕೆಲಸವೊಂದನ್ನು ಆರಿಸಿಕೊಂಡು ಅದಕ್ಕೆ ಮಾತ್ರ ಆ್ಯಪ್ ಮಾಡಿಸಬೇಕು.

ಉದಾಹರಣೆಗೆ ಅಡತಿ ಅಂಗಡಿಯ ತೂಕದ ಚೀಟಿಯನ್ನೇ ತೆಗೆದುಕೊಳ್ಳಬಹುದು. ಒಬ್ಬ ರೈತರು 40 ಚೀಲ ತೊಗರಿ ತಂದಿದ್ದಾರೆಂದು ಭಾವಿಸೋಣ. ಒಟ್ಟು ತೂಕ 2,036 ಕಿಲೋ. ಖಾಲಿ ಚೀಲವೊಂದಕ್ಕೆ 900 ಗ್ರಾಂನಂತೆ 36 ಕಿಲೋ ಕಳೆದರೆ ನಿವ್ವಳ ತೂಕ 2,000 ಕಿಲೋ, ಅಂದರೆ 20 ಕ್ವಿಂಟಲ್. ಕ್ವಿಂಟಲ್‌ಗೆ 7,000 ರೂಪಾಯಿ ದರವಾದರೆ ಮೊತ್ತ 1,40,000 ರೂಪಾಯಿ. ಈ ಲೆಕ್ಕವನ್ನು ಮಾಡಿ, ಚೀಟಿಯನ್ನು ಕನ್ನಡದಲ್ಲಿ ತೋರಿಸಿ, ಅದರ ಪ್ರತಿಯನ್ನು ರೈತರ ಫೋನಿಗೆ ಕಳುಹಿಸುವ ಆ್ಯಪ್ ಚಿಕ್ಕದಾದರೂ ಪ್ರಯೋಜನಕಾರಿ. ರೈತರಿಗೆ ಲೆಕ್ಕ ಕಣ್ಣಿಗೆ ಕಂಡಷ್ಟೂ ಅಂಗಡಿಯ ಮೇಲಿನ ನಂಬಿಕೆ ಬೆಳೆಯುತ್ತದೆ. ಇಂತಹ ಆ್ಯಪ್ ಮಾಡಿಸುವಾಗ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಹಣವನ್ನು ಪೈಸೆಗಳ ಪೂರ್ಣ ಸಂಖ್ಯೆಯಾಗಿಯೂ ತೂಕವನ್ನು ಗ್ರಾಂಗಳ ಪೂರ್ಣ ಸಂಖ್ಯೆಯಾಗಿಯೂ ಸಂಗ್ರಹಿಸುವಂತೆ ತಯಾರಕರಿಗೆ ಹೇಳಬೇಕು. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಅಂದಾಜು ರೂಪದಲ್ಲಿ ಇಟ್ಟುಕೊಳ್ಳುವುದರಿಂದ ಸಾವಿರಾರು ಚೀಟಿಗಳ ಮೊತ್ತದಲ್ಲಿ ಪೈಸೆಗಳ ವ್ಯತ್ಯಾಸ ಬಂದು, ಕಿರ್ದಿಗೂ ಆ್ಯಪ್‌ಗೂ ತಾಳೆಯಾಗದೆ ಹೋಗುತ್ತದೆ.

ಎರಡನೆಯದು, ನೆಟ್‌ವರ್ಕ್ ಇಲ್ಲದಿದ್ದರೂ ಆ್ಯಪ್ ಕೆಲಸ ಮಾಡಬೇಕು. ಹಳ್ಳಿಯ ಕಣದಲ್ಲಿ ನಿಂತು ತೂಕ ಬರೆಯುವಾಗ ಸಿಗ್ನಲ್ ಇರುತ್ತದೆಂಬ ಭರವಸೆಯಿಲ್ಲ. ಮಾಹಿತಿಯನ್ನು ಮೊದಲು ಫೋನಿನಲ್ಲಿಯೇ ದಾಖಲಿಸಿ, ಸಂಪರ್ಕ ಸಿಕ್ಕಾಗ ಅಂಗಡಿಯ ಕಂಪ್ಯೂಟರಿಗೆ ಕಳುಹಿಸುವ ಏರ್ಪಾಡು ಆಂಡ್ರಾಯ್ಡ್‌ನಲ್ಲಿ ಸುಲಭಸಾಧ್ಯ.

ಮೂರನೆಯದು ಭಾಷೆ. ಯಾದಗಿರಿ ಜಿಲ್ಲೆ ತೆಲಂಗಾಣದ ಗಡಿಯಲ್ಲಿದೆ. ಕನ್ನಡದೊಂದಿಗೆ ತೆಲುಗು ಹಾಗೂ ಉರ್ದು ಮಾತನಾಡುವ ಹಮಾಲರು, ಚಾಲಕರು, ಗಿರಾಕಿಗಳು ಇಲ್ಲಿದ್ದಾರೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ನ ಮಾತುಗಳನ್ನು ಕಾರ್ಯಕ್ರಮದಿಂದ ಬೇರ್ಪಡಿಸಿ, ಪ್ರತಿ ಭಾಷೆಗೂ ಒಂದು ಕಡತದಲ್ಲಿ ಇಡಬಹುದು. ಆರಂಭದಿಂದಲೇ ಹೀಗೆ ಮಾಡಿಸಿದರೆ ಮುಂದೆ ಭಾಷೆ ಸೇರಿಸುವುದಕ್ಕೆ ತಗಲುವ ವೆಚ್ಚ ಅಲ್ಪ.

ಎರಡನೆಯ ಕೀಲಿಕೈ: ಸಹಿಯ ಕೀಲಿ

ಆ್ಯಪ್ ತಯಾರಾದ ಮೇಲೆ ಅದಕ್ಕೆ ಒಂದು ಡಿಜಿಟಲ್ ಸಹಿ ಬೀಳುತ್ತದೆ. ಮುಂದಿನ ಆವೃತ್ತಿಗೂ ಅದೇ ಕೀಲಿಯ ಸಹಿ ಇದ್ದರೆ ಮಾತ್ರ ಫೋನು ಅದನ್ನು ಹಳೆಯ ಆ್ಯಪ್‌ನ ಮೇಲೆ ಸ್ಥಾಪಿಸಲು ಒಪ್ಪುತ್ತದೆ. ನೇರವಾಗಿ ಕಡತದ ರೂಪದಲ್ಲಿ ಹಂಚಿದ ಆ್ಯಪ್‌ನ ಕೀಲಿ ಕಳೆದುಹೋದರೆ, ಎಲ್ಲ ಫೋನುಗಳಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಬೇರೆಡೆ ಪ್ರತಿ ತೆಗೆದಿಡದ ಮಾಹಿತಿ ಅದರೊಂದಿಗೆ ಹೋಗುತ್ತದೆ. ಪ್ಲೇ ಸ್ಟೋರ್ ಮೂಲಕ ಹೋಗುವ ಹೊಸ ಆ್ಯಪ್‌ಗಳಿಗೆ 2021ರ ಆಗಸ್ಟ್‌ನಿಂದ ಗೂಗಲ್‌ನ ಸಹಿ ವ್ಯವಸ್ಥೆ ಕಡ್ಡಾಯವಾಗಿದೆ. ಅಲ್ಲಿ ಅಂತಿಮ ಸಹಿಯ ಕೀಲಿ ಗೂಗಲ್ ಬಳಿ ಇರುತ್ತದೆ, ಆದರೆ ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಆ್ಯಪ್‌ನ ಯಜಮಾನರು.

ವ್ಯಾಪಾರಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಣ ಕೊಟ್ಟು ಮಾಡಿಸಿದ್ದರಿಂದ ಆ್ಯಪ್ ತಮ್ಮದೆಂದು ಅವರು ಭಾವಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ, ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದ ತಂತ್ರಾಂಶದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಆದರೆ ಹೊರಗಿನ ತಯಾರಕರಿಗೆ ಗುತ್ತಿಗೆ ಕೊಟ್ಟು ಬರೆಸಿದಾಗ, ಬರೆದವರೇ ಸಾಮಾನ್ಯವಾಗಿ ಮೊದಲ ಹಕ್ಕುದಾರರು. ಹಕ್ಕು ವರ್ತಕರಿಗೆ ಬರಬೇಕಾದರೆ 19ನೆಯ ಕಲಮಿನಂತೆ ಲಿಖಿತ ಹಾಗೂ ಸಹಿ ಮಾಡಿದ ವರ್ಗಾವಣೆ ಪತ್ರ ಬೇಕು. ಅದರಲ್ಲಿ ಅವಧಿಯನ್ನು ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಪರಿಗಣಿಸುತ್ತದೆ. ಆದುದರಿಂದ ಒಪ್ಪಂದದಲ್ಲಿ ಅವಧಿ ಮತ್ತು ಪ್ರದೇಶ ಎರಡನ್ನೂ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಕೊನೆಯ ಕಂತಿನ ಹಣ ಕೊಡುವ ಮೊದಲು ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಸಹಿಯ ಕೀಲಿಯ ಕಡತ ಹಾಗೂ ಅದರ ಪಾಸ್‌ವರ್ಡ್ ಇವುಗಳನ್ನು ಪಡೆದು, ಎರಡು ಪ್ರತಿ ಮಾಡಿ, ಒಂದನ್ನು ಬ್ಯಾಂಕ್ ಲಾಕರಿನಲ್ಲಿ ಇಡುವುದು ಲೇಸು.

ಪ್ಲೇ ಸ್ಟೋರ್ ಖಾತೆ ಮತ್ತು ಬಿಡಿ ಕಡತ

ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಇಡಲು ಒಮ್ಮೆ ಮಾತ್ರ 25 ಅಮೆರಿಕನ್ ಡಾಲರ್ ನೋಂದಣಿ ಶುಲ್ಕವಿದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ, ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಿದ ನಂತರವೇ ಆ್ಯಪ್ ಪ್ರಕಟಿಸಲು ಅರ್ಜಿ ಹಾಕಲು ಅವಕಾಶ. ಸಂಸ್ಥೆಯ ಹೆಸರಿನ ಖಾತೆಗೆ ಈ ಷರತ್ತು ಇಲ್ಲ, ಆದರೆ 'ಡನ್ಸ್' ಎಂಬ ವ್ಯಾಪಾರ ಗುರುತಿನ ಸಂಖ್ಯೆ ಬೇಕಾಗುತ್ತದೆ. ಸಂಸ್ಥೆಯ ಹೆಸರಿನಲ್ಲಿಯೇ ಖಾತೆ ತೆರೆದು, ತಯಾರಕರಿಗೆ ಸೀಮಿತ ಅಧಿಕಾರ ಕೊಡುವುದು ಸೂಕ್ತ ಮಾರ್ಗ. ಪ್ಲೇ ಸ್ಟೋರ್‌ನಲ್ಲಿರುವ ಆ್ಯಪನ್ನು ಹೊಸ ಆಂಡ್ರಾಯ್ಡ್ ಆವೃತ್ತಿಗಳಿಗೆ ಹೊಂದಿಸುತ್ತಲೇ ಇರಬೇಕಾದುದರಿಂದ ವಾರ್ಷಿಕ ನಿರ್ವಹಣೆಯ ವೆಚ್ಚವನ್ನೂ ಮೊದಲೇ ಲೆಕ್ಕ ಹಾಕಬೇಕು.

ನಾಲ್ಕಾರು ನೌಕರರು ಮಾತ್ರ ಬಳಸುವ ಆ್ಯಪನ್ನು 'ಎಪಿಕೆ' ಎಂಬ ಬಿಡಿ ಕಡತವಾಗಿಯೂ ಹಂಚಬಹುದು. ಆದರೆ ವಂಚಕರೂ ಇದೇ ದಾರಿಯನ್ನು ಹಿಡಿದಿದ್ದಾರೆ. ಮದುವೆ ಆಮಂತ್ರಣ, ವಾಹನದ ದಂಡದ ಚಲನ್, ಸರ್ಕಾರಿ ಯೋಜನೆ ಮುಂತಾದ ಹೆಸರಿನಲ್ಲಿ ವಾಟ್ಸಾಪ್ ಮೂಲಕ ಬರುವ ಎಪಿಕೆ ಕಡತಗಳ ಬಗ್ಗೆ ಹಲವು ರಾಜ್ಯಗಳ ಪೊಲೀಸರು ಎಚ್ಚರಿಕೆ ನೀಡಿದ್ದಾರೆ. ಅದನ್ನು ಒತ್ತಿ ಅನುಮತಿ ಕೊಟ್ಟರೆ ಒಟಿಪಿ ಸಂದೇಶಗಳು ವಂಚಕರಿಗೆ ತಲುಪುತ್ತವೆ. ಇಂತಹ ವಂಚನೆಗೆ ಫೋನು ರೂಟ್ ಆಗಿರಬೇಕೆಂದೂ ಇಲ್ಲ. ಅಂಗಡಿಯ ನೌಕರರಿಗೆ, ಮಾಲೀಕರು ಖುದ್ದಾಗಿ ಕೊಟ್ಟ ಕಡತದ ಹೊರತು ಬೇರಾವ ಎಪಿಕೆಯನ್ನೂ ತೆರೆಯಬಾರದೆಂದು ತಾಕೀತು ಮಾಡಬೇಕು. ಹಣ ಹೋದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು. ಪ್ಲೇ ಸ್ಟೋರ್‌ನ ಹೊರಗೆ ಹಂಚುವ ಆ್ಯಪ್‌ಗಳ ತಯಾರಕರೂ ತಮ್ಮ ಗುರುತನ್ನು ದೃಢೀಕರಿಸಬೇಕೆಂಬ ಯೋಜನೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದೇಶಗಳಲ್ಲಿ, 2027ರಿಂದ ಇತರೆಡೆ ಎಂಬುದು ಆಗ ಪ್ರಕಟವಾದ ವೇಳಾಪಟ್ಟಿ. ಬಿಡಿ ಕಡತ ಹಂಚುವವರು ಇದನ್ನು ಗಮನದಲ್ಲಿಡುವುದು ಒಳಿತು.

ತೆರಿಗೆ ಮತ್ತು ಲೆಕ್ಕಪತ್ರ

ತಂತ್ರಾಂಶ ತಯಾರಿಕಾ ಸೇವೆಗೆ ಶೇ. 18ರಷ್ಟು ಜಿಎಸ್‌ಟಿ ಇದೆ. ಹತ್ತಿ ಜಿನ್ನಿಂಗ್‌ನಂತೆ ತೆರಿಗೆಗೊಳಪಟ್ಟ ವಹಿವಾಟು ನಡೆಸುವವರಿಗೆ ಇದರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆದರೆ ಕೃಷಿ ಉತ್ಪನ್ನದ ಅಡತಿ ಸೇವೆಯು ವಿನಾಯಿತಿ ಪಡೆದಿರುವುದರಿಂದ ಅದಕ್ಕಾಗಿ ಮಾಡಿಸಿದ ಆ್ಯಪ್‌ನ ತೆರಿಗೆಗೆ ಜಮೆ ಸಿಗದು, ಅದು ವೆಚ್ಚವೇ ಸರಿ. ಎರಡೂ ಬಗೆಯ ವಹಿವಾಟು ಇರುವವರು ಜಮೆಯನ್ನು ಪ್ರಮಾಣಾನುಸಾರ ಹಿಂತಿರುಗಿಸಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆ ಇಲ್ಲವೇ ಇಲ್ಲ. ಬೆಲೆ ಮಾತನಾಡುವಾಗ ತೆರಿಗೆ ಸೇರಿಯೋ, ಬಿಟ್ಟೋ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಜಿಎಸ್‌ಟಿ ನೋಂದಣಿ ಇಲ್ಲದ ತಯಾರಕರು ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವಂತಿಲ್ಲ ಎಂಬುದೂ ನೆನಪಿರಲಿ.

ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಇನ್ನೊಂದು ನಿಬಂಧನೆ ಇದೆ. 2023ರ ಏಪ್ರಿಲ್ 1ರಿಂದ ಅವರು ಲೆಕ್ಕಪುಸ್ತಕಗಳಿಗೆ ಬಳಸುವ ತಂತ್ರಾಂಶವು, ಯಾವ ನಮೂದನ್ನು ಯಾವಾಗ ತಿದ್ದಲಾಯಿತೆಂಬ ದಾಖಲೆಯನ್ನು ತಾನಾಗಿಯೇ ಇಡಬೇಕು, ಅದನ್ನು ನಿಲ್ಲಿಸಲು ಸಾಧ್ಯವಾಗಬಾರದು. ಆ್ಯಪ್‌ನ ಚೀಟಿಗಳೇ ಮಾರಾಟದ ಮೂಲ ದಾಖಲೆಯಾಗುವುದಾದರೆ ಈ ಸೌಲಭ್ಯವನ್ನು ಮೊದಲೇ ಕೇಳಬೇಕು. ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಬಂಧನೆ ಅನ್ವಯಿಸದಿದ್ದರೂ, ಪಾಲುದಾರರ ನಡುವೆ ಸಂದೇಹ ಬಾರದಿರಲು ಇದು ಒಳ್ಳೆಯ ಪದ್ಧತಿ. ಅಲ್ಲದೆ ರೈತರ ಹೆಸರು, ಫೋನ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದವು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿದ್ದು ಹಂತಹಂತವಾಗಿ ಜಾರಿಗೆ ಬರಲಿವೆ. ಕೆಲಸಕ್ಕೆ ಬೇಡದ ಮಾಹಿತಿಯನ್ನು ಕೇಳದಿರುವುದೇ ಅತಿ ಅಗ್ಗದ ಭದ್ರತೆ.

ಗಮನದಲ್ಲಿಡಬೇಕಾದ ಅಂಶಗಳು

1. ಹಣದ ವ್ಯವಹಾರದ ಫೋನು ಬೇರೆ, ಕಲಿಕೆಯ ಫೋನು ಬೇರೆ.
2. ಸಿದ್ಧ ತಂತ್ರಾಂಶ ಇರುವ ಕೆಲಸಕ್ಕೆ ಹೊಸ ಆ್ಯಪ್ ಬೇಡ.
3. ಪ್ಲೇ ಸ್ಟೋರ್ ಖಾತೆ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇ-ಮೇಲ್ ವಿಳಾಸದಲ್ಲಿ ಇರಲಿ.
4. ಹಕ್ಕು ವರ್ಗಾವಣೆ ಲಿಖಿತವಾಗಿರಲಿ, ಅವಧಿ ಮತ್ತು ಪ್ರದೇಶದ ಉಲ್ಲೇಖವಿರಲಿ.
5. ಸೋರ್ಸ್ ಕೋಡ್ ಮತ್ತು ಸಹಿಯ ಕೀಲಿ ಕೈಸೇರಿದ ನಂತರವೇ ಕೊನೆಯ ಕಂತು.
6. ಆ್ಯಪ್‌ನ ಮಾಹಿತಿಯ ಪ್ರತಿಯನ್ನು ನಿತ್ಯವೂ ಬೇರೆಡೆ ತೆಗೆದಿಡುವ ಏರ್ಪಾಡಿರಲಿ.

ಒಟ್ಟಿನಲ್ಲಿ ಹೇಳುವುದಾದರೆ, ಆ್ಯಪ್ ತಯಾರಿಕೆಗೆ ದೊಡ್ಡ ಊರಿನ ದೊಡ್ಡ ಕಂಪನಿಯೇ ಬೇಕೆಂದಿಲ್ಲ. ಸಾಧನಗಳು ಉಚಿತ, ಕಲಿಯುವ ಸಾಮಗ್ರಿ ಧಾರಾಳ. ಶಹಾಪುರ, ಸುರಪುರಗಳಲ್ಲಿ ಪದವಿ ಮುಗಿಸಿ ಬೆಂಗಳೂರು, ಹೈದರಾಬಾದ್‌ಗಳ ಬಸ್ಸು ಹಿಡಿಯುವ ಯುವಕ ಯುವತಿಯರಿಗೆ ಊರಿನ ಮಿಲ್ಲು, ಮಂಡಿಗಳೇ ಇಂತಹ ಸಣ್ಣ ಕೆಲಸಗಳನ್ನು ಕೊಟ್ಟರೆ, ಕ್ವಿಂಟಲ್, ತೇವಾಂಶ, ಹಮಾಲಿಗಳ ಅರ್ಥ ಬಲ್ಲವರ ಕೈಯಿಂದಲೇ ತಂತ್ರಾಂಶ ತಯಾರಾಗುತ್ತದೆ. ಕರಾರು ಲಿಖಿತವಾಗಿ, ಹಣ ಕಂತಿನಲ್ಲಿ, ಕೀಲಿಕೈ ಅಂಗಡಿಯ ಬಳಿ ಇದ್ದರೆ ಈ ವ್ಯವಹಾರ ಉಭಯತರಿಗೂ ಲಾಭದಾಯಕವಾಗುವುದರಲ್ಲಿ ಸಂದೇಹವಿಲ್ಲ.